ಸಾಣೆಗೆ ಸಿಗದ ಚಾಕು: ಬ್ರೆಡ್ ಚಾಕುವಿನ ವಿನ್ಯಾಸವೂ ಶೆಫೀಲ್ಡಿನ ಕಸುಬೂ

ಅಡುಗೆಮನೆಯ ಬೇರೆ ಚಾಕುಗಳು ಮೊಂಡಾದರೆ ಕಲ್ಲಿಗೆ ಉಜ್ಜಿ ಸರಿಮಾಡಿಕೊಳ್ಳಬಹುದು. ಕಲ್ಲು ಇಲ್ಲದಿದ್ದರೆ ಪಿಂಗಾಣಿ ಬಟ್ಟಲಿನ ತಳಕ್ಕೆ ನಾಲ್ಕು ಸಲ ಎಳೆದರೂ ಆ ಹೊತ್ತಿನ ಕೆಲಸ ನಡೆಯುತ್ತದೆ. ಬ್ರೆಡ್ ಚಾಕುವಿಗೆ ಈ ಉಪಾಯ ಒಗ್ಗುವುದಿಲ್ಲ. ಅದರ ಬಾಯಿಯುದ್ದಕ್ಕೂ ಹಲ್ಲುಗಳಿರುತ್ತವೆ. ಚಪ್ಪಟೆ ಕಲ್ಲಿಗೆ ಹಿಡಿದರೆ ಹಲ್ಲಿನ ತುದಿಗಳು ಮಾತ್ರ ಸವೆಯುತ್ತವೆ, ಹಲ್ಲುಗಳ ನಡುವೆ ಒಳಕ್ಕೆ ಬಾಗಿದ ಬಳುಕುಗಳು ಕಲ್ಲನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಈ ಚಾಕು ಹೇಗೆ ಕೊಯ್ಯುತ್ತದೆ, ಎಷ್ಟು ವರ್ಷ ಕೊಯ್ಯುತ್ತದೆ ಎಂಬುದು ಅಂಗಡಿಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ. ಕೊಂಡವರು ಅದನ್ನು ಬಳಸಬಹುದೇ ಹೊರತು ಹೆಚ್ಚೇನೂ ತಿದ್ದಲಾರರು. ಮಾಡಿದವರನ್ನು ಇಷ್ಟರಮಟ್ಟಿಗೆ ನಂಬಬೇಕಾದ ಉಪಕರಣ ಅಡುಗೆಮನೆಯಲ್ಲಿ ಇನ್ನೊಂದು ನನಗೆ ಕಾಣುವುದಿಲ್ಲ. ಅದಕ್ಕೇ ಚಾಕು ಮಾಡುವ ಕಸುಬನ್ನು ಅರ್ಥಮಾಡಿಕೊಳ್ಳಲು ಬ್ರೆಡ್ ಚಾಕುವಿನಿಂದ ಶುರುಮಾಡುವುದು ಒಳ್ಳೆಯದು. ಬ್ರಿಟನ್ನಿನಲ್ಲಿ ಆ ಕಸುಬು ಎಂದರೆ ಶೆಫೀಲ್ಡ್.

ಮೊದಲು ಬ್ರೆಡ್ಡನ್ನೇ ನೋಡೋಣ. ಚೆನ್ನಾಗಿ ಬೆಂದ ಗಟ್ಟಿ ಬ್ರೆಡ್ ಎಂದರೆ ಒಂದರೊಳಗೊಂದು ಇಟ್ಟ ಎರಡು ವಸ್ತುಗಳು. ಹೊರಗೆ ಬಿರುಸಾದ, ಒಣಗಿದ ಸಿಪ್ಪೆ. ಒಳಗೆ ಗಾಳಿಗುಳ್ಳೆಗಳಿಂದಲೇ ಆದ, ಮುಟ್ಟಿದರೆ ಅದುಮಿಹೋಗುವ ತಿರುಳು. ನೇರ ಬಾಯಿಯ ಚಾಕುವನ್ನು ಮೇಲಿಟ್ಟು ಒತ್ತಿದರೆ ಸಿಪ್ಪೆ ಬಿರಿಯಲು ಬೇಕಾದಷ್ಟು ಬಲ ಸೇರುವ ಹೊತ್ತಿಗೆ ಕೆಳಗಿನ ತಿರುಳು ಜಜ್ಜಿಹೋಗಿರುತ್ತದೆ. ಸಿಪ್ಪೆಗೆ ಬಲ ಬೇಕು, ತಿರುಳಿಗೆ ಬಲ ತಾಗಬಾರದು. ವಿನ್ಯಾಸದ ಸಮಸ್ಯೆಯೆಲ್ಲ ಇಲ್ಲಿಯೇ ಇದೆ.

ಪರಿಹಾರಕ್ಕೆ ಎರಡು ದಾರಿಗಳಿವೆ, ಒಳ್ಳೆಯ ಚಾಕು ಎರಡನ್ನೂ ಹಿಡಿಯುತ್ತದೆ. ಮೊದಲನೆಯದು, ಒತ್ತುವ ಬದಲು ಎಳೆಯುವುದು. ಒಂದು ವಸ್ತುವನ್ನು ಸೀಳಲು ಇಂತಿಷ್ಟು ಶಕ್ತಿ ಬೇಕೇ ಬೇಕು. ಆ ಶಕ್ತಿಯ ದೊಡ್ಡ ಪಾಲನ್ನು ಅಡ್ಡಕ್ಕೆ ಎಳೆಯುವ ಚಲನೆಯೇ ಒದಗಿಸಿದರೆ, ಕೆಳಮುಖವಾಗಿ ಒತ್ತಬೇಕಾದ ಬಲ ಅಷ್ಟೇ ಇಳಿಯುತ್ತದೆ. ರೀಡಿಂಗ್ ವಿಶ್ವವಿದ್ಯಾಲಯದ ಎಂಜಿನಿಯರ್ ಟೋನಿ ಆಟ್ಕಿನ್ಸ್ ಮತ್ತು ಅವರ ಜೊತೆಗಾರರು ಇದನ್ನು ಲೆಕ್ಕದಲ್ಲಿ ತೋರಿಸಿಕೊಟ್ಟರು: ಒತ್ತುವ ವೇಗಕ್ಕಿಂತ ಎಳೆಯುವ ವೇಗ ಹೆಚ್ಚಾದಷ್ಟೂ ಒತ್ತುವ ಬಲ ಕಡಿಮೆ ಸಾಕು. ಬ್ರೆಡ್ ಚಾಕು ಉದ್ದವಾಗಿರುವುದು ಇದಕ್ಕೇ. ಅಲಗು 20ರಿಂದ 25 ಸೆಂಟಿಮೀಟರ್ ಇದ್ದರೆ ಬ್ರೆಡ್ಡಿನ ಅಗಲವನ್ನು ದಾಟಿ ಹೋಗಿ ಬರಲು ಜಾಗ ಸಿಗುತ್ತದೆ. ಗಿಡ್ಡ ಅಲಗಿನಲ್ಲಿ ಎಳೆತ ಬೇಗ ಮುಗಿದುಹೋಗುತ್ತದೆ, ಕೈ ತಾನಾಗಿ ಒತ್ತಲು ತೊಡಗುತ್ತದೆ.

ಎರಡನೆಯ ದಾರಿ ಹಲ್ಲು. ಭತ್ತ ಕೊಯ್ಯುವ ಹಲ್ಲಿನ ಕುಡುಗೋಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬುಡ ಹಿಡಿದು ಎಳೆದಾಗ ಹಲ್ಲುಗಳು ಜಾರುವ ಹುಲ್ಲನ್ನು ಕಚ್ಚಿ ಹಿಡಿಯುತ್ತವೆ. ಬ್ರೆಡ್ಡಿನ ಮೇಲೂ ಹಾಗೆಯೇ. ಇಡೀ ಬಾಯಿಯ ಮೇಲೆ ಹರಡಬೇಕಿದ್ದ ಬಲ ಕೆಲವೇ ತುದಿಗಳ ಮೇಲೆ ಕೂಡುವುದರಿಂದ ಸಿಪ್ಪೆ ತೂತಾಗುತ್ತದೆ. ಸಿಪ್ಪೆ ಬಿಟ್ಟುಕೊಟ್ಟ ಮೇಲೆ ಹಲ್ಲುಗಳ ನಡುವಿನ ಬಳುಕು ಕೆಲಸಕ್ಕಿಳಿದು ತಿರುಳನ್ನು ಸೀಳುತ್ತದೆ. ಬಳುಕಿನ ಒಳಬಾಯಿ ಹಲಗೆಯನ್ನು ತಾಗುವುದಿಲ್ಲವಾದ್ದರಿಂದ ಅದರ ಹರಿತ ಬಹುಕಾಲ ಉಳಿಯುತ್ತದೆ. ಸಾಣೆ ಹಿಡಿಯಲಾಗದ ಚಾಕು ವರ್ಷಗಟ್ಟಲೆ ಕೊಯ್ಯುವುದು ಈ ಕಾರಣದಿಂದ.

ಆದರೆ ಹಲ್ಲು ಎಂದರೆ ಯಾವ ಹಲ್ಲು? ಅಗ್ಗದ ಚಾಕುಗಳಲ್ಲಿ ಗರಗಸದಂತೆ ಚೂಪಾದ, ಒತ್ತೊತ್ತಾದ ಹಲ್ಲುಗಳಿರುತ್ತವೆ. ಅವು ಸಿಪ್ಪೆಯನ್ನು ಬೇಗ ಹಿಡಿಯುತ್ತವೆ, ತಿರುಳನ್ನು ಹರಿದುಹಾಕುತ್ತವೆ. ಕೊಯ್ದ ಮೇಲೆ ಹಲಗೆಯ ತುಂಬ ಪುಡಿ. ಅಗಲವಾದ, ತುದಿ ತುಸು ಮೆತ್ತಗಾದ ಅಲೆಗಳು ಸಿಪ್ಪೆಯನ್ನು ಹಿಡಿಯಲು ಒಂದು ಕ್ಷಣ ತಡವಾದರೂ ಹೋಳಿನ ಮೈ ನಯವಾಗಿ ಬರುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಬಹುಪಾಲು ಬ್ರೆಡ್ ಚಾಕುಗಳಲ್ಲಿ ಹಲ್ಲನ್ನು ಅಲಗಿನ ಒಂದೇ ಮಗ್ಗುಲಿನಿಂದ ಮಸೆದಿರುತ್ತಾರೆ, ಇನ್ನೊಂದು ಮಗ್ಗುಲು ಚಪ್ಪಟೆ. ಇಳಿಜಾರಿನ ಮಗ್ಗುಲು ಬ್ರೆಡ್ಡಿಗೆ ಒತ್ತಿದಾಗ ಚಾಕು ಚಪ್ಪಟೆ ಮಗ್ಗುಲಿನ ಕಡೆಗೆ ವಾಲುತ್ತದೆ. ಮೇಲೆ ತೆಳ್ಳಗೆ ಶುರುವಾದ ಹೋಳು ಕೆಳಗೆ ದಪ್ಪವಾಗುವುದಕ್ಕೆ ಎಷ್ಟೋ ಸಲ ನಮ್ಮ ಕೈಯಲ್ಲ, ಆ ಇಳಿಜಾರು ಕಾರಣ. ಎಡಗೈಯವರಿಗೆ ವಾಲುವುದು ಹೋಳಿನ ಕಡೆಗೆ. ಅವರ ಕಷ್ಟ ಬೇರೆ. ತೆಳುವಾದ ಅಲಗು, ಆಳವಿಲ್ಲದ ಮಸೆತ ಇದ್ದಷ್ಟೂ ಈ ವಾಲು ತಗ್ಗುತ್ತದೆ. ಆದರೆ ಅಲಗು ತೀರಾ ತೆಳ್ಳಗಾದರೆ ಅರ್ಧದಲ್ಲೇ ಬಳುಕುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಮಸೆಯುವವನ ಕಣ್ಣು ಮತ್ತು ಅಭ್ಯಾಸ ಹೇಳಬೇಕು.

ಬ್ರಿಟನ್ನಿನ ಹಳೆಯ ಬ್ರೆಡ್ ಚಾಕುಗಳಲ್ಲಿ ಹಲ್ಲು ಇರುತ್ತಿರಲಿಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬ್ರೆಡ್ಡನ್ನು ಊಟದ ಮೇಜಿಗೇ ತಂದು ಕೊಯ್ಯುವ ಪದ್ಧತಿ ಬೆಳೆಯಿತು. ಅದಕ್ಕೆಂದೇ ದುಂಡನೆಯ ಮರದ ಹಲಗೆ, ಅದಕ್ಕೆ ಜೋಡಿಯಾಗಿ ಕೆತ್ತಿದ ಮರದ ಹಿಡಿಯ ಚಾಕು. ಹಲಗೆಯ ಅಂಚಿನಲ್ಲೂ ಹಿಡಿಯ ಮೇಲೂ ಗೋಧಿ ತೆನೆಗಳ ಕೆತ್ತನೆ ಇರುತ್ತಿತ್ತು. ವಾಸ್ತುಶಿಲ್ಪಿ ಪುಗಿನ್ 1849ರ ಸುಮಾರಿಗೆ ಮಿಂಟನ್ ಪಿಂಗಾಣಿ ಕಾರ್ಖಾನೆಗಾಗಿ ವಿನ್ಯಾಸ ಮಾಡಿದ ಬ್ರೆಡ್ ತಟ್ಟೆಯ ಅಂಚಿನಲ್ಲಿ, ಹಾಳುಮಾಡದಿದ್ದರೆ ಕೊರತೆಯಿಲ್ಲ ಎಂಬರ್ಥದ ಮಾತನ್ನು ಬರೆಯಿಸಿದರು. ಬ್ರೆಡ್ ಕೊಯ್ಯುವುದಕ್ಕೆ ಆ ಮನೆಗಳಲ್ಲಿ ಅಷ್ಟು ಗೌರವವಿತ್ತು. ಆ ಚಾಕುಗಳ ಬಾಯಿ ನೇರವಾಗಿತ್ತು, ಮನೆಯಲ್ಲೇ ಮಸೆದುಕೊಳ್ಳುತ್ತಿದ್ದರು. ಹಲ್ಲಿನ ಬ್ರೆಡ್ ಚಾಕುಗಳು 19ನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದಲ್ಲೂ ಜರ್ಮನಿಯಲ್ಲೂ ಮಾರುಕಟ್ಟೆಗೆ ಬಂದವು. 1893ರ ಷಿಕಾಗೋ ವಿಶ್ವಪ್ರದರ್ಶನದಲ್ಲಿ ಜರ್ಮನಿಯ ಫ್ರೀಡ್ರಿಕ್ ಡಿಕ್ ಕಂಪನಿ ಅಂಥದೊಂದನ್ನು ಇಟ್ಟಿತ್ತು. ಬ್ರಿಟನ್ ಅದನ್ನು ಆಮೇಲೆ ತನ್ನದಾಗಿಸಿಕೊಂಡಿತು. ಹಲ್ಲು ಬಂದದ್ದರಿಂದ ಹರಿತದ ಹೊಣೆ ಮನೆಯಿಂದ ಕಾರ್ಖಾನೆಗೆ ದಾಟಿತು. ಆ ಹೊಣೆ ಹೊರಲು ಎರಡು ವಿದ್ಯೆ ಬೇಕು: ಒಳ್ಳೆಯ ಉಕ್ಕು, ಒಳ್ಳೆಯ ಮಸೆತ. ಶೆಫೀಲ್ಡಿನಲ್ಲಿ ಎರಡೂ ಇದ್ದವು.

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ದಕ್ಷಿಣದ ತುದಿಯಲ್ಲಿ, ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳ ಮಗ್ಗುಲಿಗೆ ಈ ಊರಿದೆ. ಡಾನ್, ಶೀಫ್, ಪೋರ್ಟರ್, ಲಾಕ್ಸ್‌ಲಿ, ರಿವೆಲಿನ್ ಎಂಬ ಐದು ಹೊಳೆಗಳು ಗುಡ್ಡದಿಂದ ರಭಸವಾಗಿ ಇಳಿದು ಇಲ್ಲಿ ಸೇರುತ್ತವೆ. ಹೊಳೆಗೆ ಅಡ್ಡ ಕಟ್ಟಿ ನೀರುಚಕ್ರ ಕೂರಿಸಿದರೆ ಸಾಣೆಕಲ್ಲು ತಿರುಗುತ್ತದೆ. ಸಾಣೆಕಲ್ಲಿಗೆ ಬೇಕಾದ ಮರಳುಗಲ್ಲು ಹತ್ತಿರದ ಗುಡ್ಡದಲ್ಲೇ ಸಿಗುತ್ತದೆ. 18ನೇ ಶತಮಾನದ ಕೊನೆಯ ಹೊತ್ತಿಗೆ ಈ ಹೊಳೆಗಳ ದಂಡೆಯಲ್ಲಿ ನೂರಕ್ಕೂ ಹೆಚ್ಚು ನೀರುಚಕ್ರಗಳಿದ್ದವು. ಪೋರ್ಟರ್ ಹೊಳೆಯ ಶೆಪರ್ಡ್ ವೀಲ್ ಎಂಬ ಸಾಣೆಮನೆ ಈಗಲೂ ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಊರಿನ ಹೆಸರು ಅದಕ್ಕೂ ಬಹಳ ಹಿಂದಿನದು: 14ನೇ ಶತಮಾನದ ಕವಿ ಚಾಸರ್ ತನ್ನ ಕಥೆಯೊಂದರ ಗಿರಣಿಯವನ ಕೈಗೆ ಶೆಫೀಲ್ಡಿನ ಚಾಕುವನ್ನೇ ಕೊಟ್ಟಿದ್ದಾನೆ. 1624ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಚಾಕು ಕಸುಬುದಾರರ ಸಂಘ ಸ್ಥಾಪನೆಯಾಯಿತು. ಯಾರು ಶಿಷ್ಯವೃತ್ತಿ ಮುಗಿಸಿದ್ದಾರೆ, ಯಾರ ಅಲಗಿನ ಮೇಲೆ ಯಾವ ಗುರುತು ಒತ್ತಬಹುದು ಎಂಬುದನ್ನೆಲ್ಲ ಈ ಸಂಘ ನಿಗಾ ಇಟ್ಟು ನೋಡಿತು. ಅಲಗಿನ ಮೇಲಿನ ಗುರುತು ಎಂದರೆ ಚಾಕು ಕೆಟ್ಟರೆ ಯಾರನ್ನು ಕೇಳಬೇಕು ಎಂಬುದರ ವಿಳಾಸ.

ಉಕ್ಕಿನ ಕಥೆ ಇನ್ನೂ ಸ್ವಾರಸ್ಯದ್ದು. ಬೆಂಜಮಿನ್ ಹಂಟ್ಸ್‌ಮನ್ ಡಾಂಕಾಸ್ಟರ್ ಊರಿನ ಗಡಿಯಾರ ತಯಾರಕ. ಗಡಿಯಾರದ ಸುರುಳಿಗೆ ಸಿಗುತ್ತಿದ್ದ ಉಕ್ಕು ಒಂದೆಡೆ ಗಟ್ಟಿ, ಇನ್ನೊಂದೆಡೆ ಮೆತ್ತಗೆ. ಇದರಿಂದ ಬೇಸತ್ತು 1740ರ ದಶಕದಲ್ಲಿ ಶೆಫೀಲ್ಡ್ ಬಳಿಯ ಹ್ಯಾಂಡ್ಸ್‌ವರ್ತ್‌ನಲ್ಲಿ ನೆಲೆಸಿ, ಉಕ್ಕನ್ನು ಜೇಡಿಯ ಮೂಸೆಗಳಲ್ಲಿ ಪೂರ್ತಿ ಕರಗಿಸಿ ಎರಕ ಹೊಯ್ಯುವ ವಿಧಾನವನ್ನು ರೂಢಿಗೆ ತಂದ. ಕರಗಿದ್ದರಿಂದ ಕಿಟ್ಟ ಬೇರೆಯಾಗಿ, ಕಾರ್ಬನ್ ಎಲ್ಲೆಡೆ ಸಮನಾಗಿ ಹರಡಿ, ಮೈಯೆಲ್ಲ ಒಂದೇ ಹದದ ಉಕ್ಕು ಸಿಕ್ಕಿತು. ಶೆಫೀಲ್ಡಿನ ಕಸುಬುದಾರರು ಅದು ತೀರಾ ಗಡುಸು, ಬಡಿಯಲು ಬಗ್ಗದು ಎಂದು ಬೇಡವೆಂದರು. ಹಂಟ್ಸ್‌ಮನ್ ಫ್ರಾನ್ಸಿಗೆ ಮಾರಿದ. ಫ್ರೆಂಚ್ ಚಾಕುಗಳು ತಮ್ಮವನ್ನು ಮೀರಿಸತೊಡಗಿದ ಮೇಲೆ ಊರಿನವರೂ ಆ ಉಕ್ಕಿಗೆ ಒಲಿದರು.

ಮೂಸೆಯ ಉಕ್ಕು ನಮ್ಮ ಸೀಮೆಯಲ್ಲಿ ಅದಕ್ಕೂ ಎಷ್ಟೋ ಶತಮಾನ ಹಿಂದಿನಿಂದ ಇತ್ತು. ಟಿಪ್ಪುವಿನ ಪತನದ ನಂತರ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಸಣ್ಣ ಮಣ್ಣಿನ ಮೂಸೆಯಲ್ಲಿ ಬಡಿದ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಎರಡು ಹಸಿ ಎಲೆ. ಬಾಯಿ ಮುಚ್ಚಿ ಕುಲುಮೆಗಿಟ್ಟು ತಿದಿ ಒತ್ತುವುದು. ಕಡ್ಡಿ ಮತ್ತು ಎಲೆಯ ಕಾರ್ಬನ್ನನ್ನು ಕಬ್ಬಿಣ ಹೀರಿಕೊಂಡು ಉಕ್ಕಾಗುತ್ತಿತ್ತು. ಹಂಟ್ಸ್‌ಮನ್ ಇದನ್ನು ನೋಡಿ ಕಲಿತನೆನ್ನಲು ಆಧಾರವಿಲ್ಲ. ಮುಂದಿನ ಕೊಂಡಿ ಮಾತ್ರ ಗಟ್ಟಿಯಾಗಿದೆ. 1790ರ ದಶಕದಲ್ಲಿ ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಭಾರತದ ಮೂಸೆ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ. ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್ ಅದರಿಂದ ಶಸ್ತ್ರಚಿಕಿತ್ಸೆಯ ಉಪಕರಣ, ಕ್ಷೌರದ ಕತ್ತಿ ಮಾಡಿ, ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಇದೇ ಮೇಲು ಎಂದು ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ. ಅದೇ ಸ್ಟೊಡಾರ್ಟ್, ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆಯ ಜೊತೆ ಸೇರಿ, ಈ ಉಕ್ಕಿನ ಗುಟ್ಟು ಹುಡುಕುತ್ತ ಮಿಶ್ರಲೋಹಗಳ ಪ್ರಯೋಗಕ್ಕೆ ಇಳಿದ. 1820ರಲ್ಲಿ ಮತ್ತು 1822ರಲ್ಲಿ ಅವರ ಫಲಿತಾಂಶಗಳು ಪ್ರಕಟವಾದವು. ಅವರು ಬೆರೆಸಿ ನೋಡಿದ ಲೋಹಗಳಲ್ಲಿ ಕ್ರೋಮಿಯಂ ಕೂಡ ಇತ್ತು, ಆದರೆ ತುಕ್ಕು ತಡೆಯಲು ಸಾಲದಷ್ಟು ಕಡಿಮೆ ಪ್ರಮಾಣದಲ್ಲಿ.

ಆ ಪ್ರಮಾಣ ಸಿಕ್ಕಲು 1913 ಬರಬೇಕಾಯಿತು. ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನ ಉಕ್ಕು ಕರಗಿಸುವ ಕಾರ್ಮಿಕನ ಮಗ, ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು ಕಾರ್ಖಾನೆ ಸೇರಿದವ. ಬಂದೂಕಿನ ನಳಿಗೆ ಸವೆಯದಂತೆ ಮಾಡುವ ಉಕ್ಕು ಹುಡುಕುತ್ತಿದ್ದಾಗ, ಸುಮಾರು 12.8 ಶೇಕಡಾ ಕ್ರೋಮಿಯಂ ಮತ್ತು 0.24 ಶೇಕಡಾ ಕಾರ್ಬನ್ ಇದ್ದ ಎರಕವನ್ನು ಸೂಕ್ಷ್ಮದರ್ಶಕಕ್ಕೆ ಸಿದ್ಧಪಡಿಸುವಾಗ ಬಳಸುವ ಆಮ್ಲ ಹತ್ತುವುದೇ ಇಲ್ಲವೆಂದು ಕಂಡ. ಬಂದೂಕಿಗಿಂತ ಚಾಕುವಿಗೆ ಇದು ಮುಖ್ಯ ಎಂದು ಅವನಿಗೆ ಹೊಳೆಯಿತು, ಏಕೆಂದರೆ ಅವನು ಚಾಕುವಿನ ಊರಿನವನು. ಆ ತನಕ ಊಟದ ಚಾಕುವನ್ನು ಪ್ರತಿದಿನ ಕಲ್ಲುಪುಡಿ ಹಾಕಿ ತಿಕ್ಕಬೇಕಿತ್ತು. ಅನುಕೂಲಸ್ಥರ ಮನೆಗಳಲ್ಲಿ ಅದಕ್ಕೆಂದೇ ಹಿಡಿಕೆ ತಿರುಗಿಸುವ ಯಂತ್ರವಿರುತ್ತಿತ್ತು. ಮೀನಿಗೂ ಹಣ್ಣಿಗೂ ಬೆಳ್ಳಿಯ ಬೇರೆ ಚಾಕು ಬಳಕೆಗೆ ಬಂದದ್ದೂ ನಿಂಬೆರಸ ತಾಗಿದ ಉಕ್ಕು ಕಪ್ಪಾಗಿ ರುಚಿ ಕೆಡಿಸುತ್ತಿದ್ದುದರಿಂದ.

ಹೊಸ ಉಕ್ಕು ಪಡೆದ ಕಸುಬುದಾರರು ಮೊದಲಿಗೆ ಬೈದರು. ಸಾದಾ ಕಾರ್ಬನ್ ಉಕ್ಕಿಗೆ 780 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹದ ಕೊಟ್ಟು ರೂಢಿಯಾದವರು ಅವರು. ಇದಕ್ಕೆ 1000 ಡಿಗ್ರಿ ದಾಟಬೇಕು. ಹಳೆಯ ಶಾಖದಲ್ಲಿ ಕಾಯಿಸಿ ತಣಿಸಿದರೆ ಅಲಗು ಮೆತ್ತಗೇ ಉಳಿಯುತ್ತಿತ್ತು. ಕೊಯ್ಯದ ಚಾಕು ಕಂಡುಹಿಡಿದವನು ಎಂದು ಬ್ರಿಯರ್ಲಿಯನ್ನು ಆಡಿಕೊಂಡರು. ಮೋಸ್ಲಿ ಚಾಕು ಕಾರ್ಖಾನೆಯ ಮೇಲ್ವಿಚಾರಕ ಅರ್ನೆಸ್ಟ್ ಸ್ಟುವರ್ಟ್ ಮಾತ್ರ ಬಿಡದೆ ಮೂರನೆಯ ಪ್ರಯತ್ನದಲ್ಲಿ ಹದ ಹಿಡಿದ. ವಿನಿಗರ್ ತಾಗಿಸಿದರೂ ಕಲೆಯಾಗದ್ದನ್ನು ಕಂಡು ಅದನ್ನು ಸ್ಟೇನ್‌ಲೆಸ್ ಎಂದು ಕರೆದವನೂ ಅವನೇ. ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಣ್ಣಿಗೆ ಕಾಣದ ಪೊರೆಯಾಗುತ್ತದೆ, ಗೀರಿದರೆ ಮತ್ತೆ ಮೂಡುತ್ತದೆ. ಇಂದಿನ ಒಳ್ಳೆಯ ಅಡುಗೆ ಚಾಕುಗಳಲ್ಲಿ ಸಾಮಾನ್ಯವಾಗಿ 0.5 ಶೇಕಡಾ ಕಾರ್ಬನ್, 15 ಶೇಕಡಾದಷ್ಟು ಕ್ರೋಮಿಯಂ, ಜೊತೆಗೆ ತುಸು ಮಾಲಿಬ್ಡಿನಂ, ವನೇಡಿಯಂ ಇರುತ್ತವೆ. ಕಾರ್ಬನ್ ಹರಿತಕ್ಕೆ, ಕ್ರೋಮಿಯಂ ತುಕ್ಕು ತಡೆಗೆ; ಕಾರ್ಬನ್ ಹೆಚ್ಚಿದರೆ ಅದು ಕ್ರೋಮಿಯಂ ಅನ್ನು ಹಿಡಿದುಕೊಂಡು ತುಕ್ಕಿಗೆ ದಾರಿ ಮಾಡಿಕೊಡುತ್ತದೆ. ಬ್ರೆಡ್ ಚಾಕುವಿಗೆ ಈ ತೂಕ ಇನ್ನೂ ಸೂಕ್ಷ್ಮ: ಮೆತ್ತಗಿದ್ದರೆ ಹಲ್ಲಿನ ತುದಿ ಮಡಚುತ್ತದೆ, ಅತಿ ಗಡುಸಾದರೆ ಮುರಿಯುತ್ತದೆ.

ಇಷ್ಟೆಲ್ಲ ವಿದ್ಯೆ ಯಾರ ಕೈಯಲ್ಲಿತ್ತು? ಒಬ್ಬರ ಕೈಯಲ್ಲಿ ಇರಲಿಲ್ಲ, ಶೆಫೀಲ್ಡಿನ ವಿಶೇಷ ಅದೇ. ಕುಲುಮೆಯವನು ಅಲಗು ಬಡಿಯುತ್ತಿದ್ದ, ಸಾಣೆಯವನು ಮಸೆಯುತ್ತಿದ್ದ, ಮೂರನೆಯವನು ಹಿಡಿ ಕೂರಿಸಿ ಜೋಡಿಸುತ್ತಿದ್ದ. ಹೊಳಪು ಕೊಡುವವರು ಹೆಚ್ಚಾಗಿ ಹೆಂಗಸರು, ಮೈಗೆ ಕಂದು ಕಾಗದ ಸುತ್ತಿಕೊಂಡು, ತಲೆಗೆ ಬಟ್ಟೆ ಬಿಗಿದು ಕೂರುತ್ತಿದ್ದರು. ಲಿಟಲ್ ಮೆಸ್ಟರ್ ಎಂದು ಅಲ್ಲಿನವರು ಕರೆಯುವ ಸಣ್ಣ ಕಸುಬುದಾರರು ಒಂದು ಕೋಣೆ, ಒಂದು ಸಾಣೆಯ ಜಾಗ ಬಾಡಿಗೆಗೆ ಹಿಡಿದು ದೊಡ್ಡ ಕಂಪನಿಗಳಿಗೆ ಕೆಲಸ ಮಾಡಿಕೊಡುತ್ತಿದ್ದರು. ಅರ್ಧ ಮುಗಿದ ಅಲಗುಗಳು ಬೀದಿಯಿಂದ ಬೀದಿಗೆ ಹೊತ್ತವರ ಹೆಗಲ ಮೇಲೆ ಸಾಗುತ್ತಿದ್ದವು. ಆಗ ವಿನ್ಯಾಸಗಾರ ಎಂಬ ಹುದ್ದೆ ಇರಲಿಲ್ಲ. ಅಲಗು ಬೆನ್ನಿನಿಂದ ಬಾಯಿಗೆ ಹೇಗೆ ತೆಳುವಾಗಬೇಕು, ಹಿಡಿ ಕೈಯೊಳಗೆ ಎಲ್ಲಿ ಉಬ್ಬಬೇಕು ಎಂಬುದು ಈ ಕೈಗಳ ಒಪ್ಪಂದದಲ್ಲಿ ತಲೆಮಾರುಗಟ್ಟಲೆ ಪಕ್ವವಾದ ಸಂಗತಿ.

ಈ ಕಸುಬನ್ನು ಬರೀ ಹೊಗಳಿ ಮುಂದೆ ಹೋಗುವುದು ನ್ಯಾಯವಲ್ಲ. ಸಾಣೆಯವನು ಮರದ ಪೀಠದ ಮೇಲೆ ಕುದುರೆಯ ಮೇಲೆ ಕೂತ ಹಾಗೆ ಕಾಲು ಚಾಚಿ, ತಿರುಗುವ ಕಲ್ಲಿನ ಮೇಲೆ ಬಾಗಿ ದಿನವಿಡೀ ಮಸೆಯುತ್ತಿದ್ದ. ಚಾಕುವಿನ ಸಾಣೆಗೆ ನೀರು ತಾಗಿಸುತ್ತಿದ್ದರು. ಫೋರ್ಕಿನ ಮುಳ್ಳುಗಳನ್ನು ಒಣಕಲ್ಲಿನಲ್ಲೇ ಮಸೆಯುತ್ತಿದ್ದರು. ಕಲ್ಲಿನ ಧೂಳು ಪುಪ್ಪುಸಕ್ಕೆ ಹೋಗುತ್ತಿತ್ತು. ಒಣಸಾಣೆಯವರ ಸರಾಸರಿ ಆಯುಸ್ಸು 35 ಮುಟ್ಟುವುದೇ ಕಷ್ಟ, ನೀರುಸಾಣೆಯವರದು 45 ದಾಟುವುದು ಅಪರೂಪ ಎಂದು 19ನೇ ಶತಮಾನದ ಮೊದಲರ್ಧದಲ್ಲಿ ಅಲ್ಲಿನ ವೈದ್ಯ ನೈಟ್ ದಾಖಲಿಸಿದ್ದಾರೆ. ಕಲ್ಲು ಒಡೆದು ಚಿಮ್ಮಿ ಸತ್ತವರೂ ಇದ್ದರು. ವಿಕ್ಟೋರಿಯಾ ಕಾಲದ ನುಣುಪಾದ ಅಲಗುಗಳನ್ನು ಕಂಡು ಮೆಚ್ಚುವಾಗ ಈ ಲೆಕ್ಕ ನೆನಪಿನಲ್ಲಿ ಇರಲೇಬೇಕೆಂದು ನನಗನಿಸುತ್ತದೆ. ಕೆಲಸವನ್ನು ಚೂರುಚೂರು ಮಾಡಿ ಒಬ್ಬನನ್ನು ಬದುಕಿಡೀ ಒಂದೇ ಕಲ್ಲಿಗೆ ಕಟ್ಟಿಹಾಕಿದ ವ್ಯವಸ್ಥೆಯ ಬೆಲೆ ಅದು.

ಇಪ್ಪತ್ತನೇ ಶತಮಾನದ ನಡುವಿಗೆ ಈ ಚೂರುಗಳನ್ನು ಕೂಡಿಸಲು ಒಬ್ಬರು ಬಂದರು. ಡೇವಿಡ್ ಮೆಲರ್ 1930ರಲ್ಲಿ ಶೆಫೀಲ್ಡಿನಲ್ಲಿ, ಉಪಕರಣ ತಯಾರಿಸುವ ಕಾರ್ಮಿಕನ ಮಗನಾಗಿ ಹುಟ್ಟಿದವರು. ಹನ್ನೊಂದನೇ ವಯಸ್ಸಿಗೇ ಕಲಾಶಾಲೆ, ಮುಂದೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ವಿದ್ಯಾರ್ಥಿಯಾಗಿದ್ದಾಗಲೇ ರೂಪಿಸಿದ ಪ್ರೈಡ್ ಎಂಬ ಚಾಕು-ಫೋರ್ಕಿನ ಸೆಟ್ಟನ್ನು 1953ರಲ್ಲಿ ಶೆಫೀಲ್ಡಿನ ವಾಕರ್ ಅಂಡ್ ಹಾಲ್ ಕಂಪನಿ ತಯಾರಿಸಿತು, 1957ರಲ್ಲಿ ಅದಕ್ಕೆ ಡಿಸೈನ್ ಸೆಂಟರ್ ಪ್ರಶಸ್ತಿ ಬಂತು. ಹಳೆಯ ಹೂಬಳ್ಳಿಯ ಕೆತ್ತನೆಗಳೆಲ್ಲ ಹೋಗಿ, ಹಿಡಿಯ ಉಬ್ಬುತಗ್ಗು ಮಾತ್ರ ಉಳಿಯಿತು. 1965ರಲ್ಲಿ ಸರ್ಕಾರಿ ಕ್ಯಾಂಟೀನು, ಆಸ್ಪತ್ರೆಗಳಿಗೆಂದು ಮಾಡಿದ ಥ್ರಿಫ್ಟ್ ಸೆಟ್ಟಿನಲ್ಲಿ, ಒಬ್ಬರ ಊಟಕ್ಕೆ ರೂಢಿಯಲ್ಲಿದ್ದ 11 ಸಾಮಾನುಗಳನ್ನು 5ಕ್ಕೆ ಇಳಿಸಿದರು. ಬ್ರಿಟನ್ನಿನ ರಸ್ತೆಗಳ ಟ್ರಾಫಿಕ್ ದೀಪದ ವಿನ್ಯಾಸವೂ ಅವರದೇ. ಆಸ್ಪತ್ರೆಯ ಚಮಚವೂ ರಾಯಭಾರ ಕಚೇರಿಯ ಬೆಳ್ಳಿ ಸಾಮಾನೂ ಅದೇ ಶ್ರದ್ಧೆಗೆ ಯೋಗ್ಯ ಎಂಬುದು ಅವರ ನಿಲುವು.

ನನಗೆ ಅವರ ಎಲ್ಲ ಕೆಲಸಗಳಲ್ಲಿ ದೊಡ್ಡದಾಗಿ ಕಾಣುವುದು ಕಾರ್ಖಾನೆ. 1973ರಲ್ಲಿ ಶೆಫೀಲ್ಡಿನ ಬ್ರೂಮ್ ಹಾಲ್ ಎಂಬ ಹಳೆಯ ಮನೆಯಲ್ಲಿ ತಾವೇ ತಯಾರಿಕೆಗೆ ಇಳಿದರು. ಅಲ್ಲಿ ಕೆಲಸಗಾರರು ಒಂದೇ ಕಲ್ಲಿಗೆ ಅಂಟಿಕೊಳ್ಳದೆ ಕೆಲಸದಿಂದ ಕೆಲಸಕ್ಕೆ ದಾಟುತ್ತ ಎಲ್ಲ ಹಂತಗಳನ್ನೂ ಕಲಿತರು. ಮಸೆಯುವವನಿಗೆ ಮುಂದೆ ಹಿಡಿ ಕೂರಿಸುವವನ ಕಷ್ಟ ಗೊತ್ತಿದ್ದರೆ ಮಸೆತವೇ ಬೇರೆಯಾಗುತ್ತದೆ. 1990ರ ಹೊತ್ತಿಗೆ ಪೀಕ್ ಡಿಸ್ಟ್ರಿಕ್ಟಿನ ಹ್ಯಾದರ್ಸೇಜ್ ಹಳ್ಳಿಯಲ್ಲಿ, ಹಿಂದೆ ಅನಿಲ ಸಂಗ್ರಹಿಸುತ್ತಿದ್ದ ದುಂಡು ತೊಟ್ಟಿಯ ಅಡಿಪಾಯದ ಮೇಲೆಯೇ ವಾಸ್ತುಶಿಲ್ಪಿ ಮೈಕೇಲ್ ಹಾಪ್ಕಿನ್ಸ್ ಅವರಿಂದ ದುಂಡನೆಯ ಕಾರ್ಖಾನೆ ಕಟ್ಟಿಸಿದರು. ಕಲ್ಲಿನ ಗೋಡೆ, ಸೀಸದ ಮಾಡು, ಒಳಗೆ ಒಂದೇ ದೊಡ್ಡ ಅಂಗಳ. ಮೆಲರ್ 2009ರಲ್ಲಿ ತೀರಿಕೊಂಡರು. ಮಗ ಕೋರಿನ್ ವಿನ್ಯಾಸ ಮುಂದುವರಿಸಿದ್ದಾರೆ.

ಅವರ ಸಮಕಾಲೀನ ರಾಬರ್ಟ್ ವೆಲ್ಚ್ 1955ರಿಂದ ಚಿಪ್ಪಿಂಗ್ ಕ್ಯಾಂಪ್ಡನ್ ಊರಿನ ಹಳೆಯ ರೇಷ್ಮೆ ಗಿರಣಿಯಲ್ಲಿ ಕೂತು ಕೆಲಸ ಮಾಡಿದವರು. ಕೈಕಸುಬಿನ ಗೌರವ ಮರಳಿ ತರಬೇಕೆಂದು ವಿನ್ಯಾಸಗಾರ ಆಶ್‌ಬೀ ಕಟ್ಟಿದ ಕಸುಬುದಾರರ ಗಿಲ್ಡ್ 1902ರಲ್ಲಿ ಬಂದು ನೆಲೆಸಿದ್ದೂ ಆ ಗಿರಣಿಯಲ್ಲೇ. ವೆಲ್ಚ್ ಬೆಳ್ಳಿ ಕೆಲಸದಿಂದ ಶುರುಮಾಡಿ, ಕಿಚನ್ ಡೆವಿಲ್ಸ್ ಹೆಸರಿನಲ್ಲಿ ಬ್ರಿಟನ್ನಿನ ಸಾಮಾನ್ಯ ಮನೆಗಳ ಡ್ರಾಯರಿಗೆ ಬಂದ ಅಡುಗೆ ಚಾಕುಗಳನ್ನೂ ರೂಪಿಸಿದರು. ಹೊರದೇಶದ ಅಗ್ಗದ ಸಾಮಾನು ಬಂದು ಶೆಫೀಲ್ಡಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲದಲ್ಲಿ ಇವರಿಬ್ಬರು ಹಿಡಿದ ದಾರಿ ಇದು.

ಅದೇ ಕಾಲದಲ್ಲಿ ಬ್ರೆಡ್ಡೂ ಬದಲಾಗಿತ್ತು. ಯಂತ್ರದಲ್ಲಿ ಹಿಟ್ಟನ್ನು ರಭಸವಾಗಿ ನಾದಿ ಬೇಗ ಬ್ರೆಡ್ ಮಾಡುವ, 1961ರಲ್ಲಿ ರೂಪಗೊಂಡ ಚಾರ್ಲಿವುಡ್ ವಿಧಾನದಿಂದ ಬ್ರಿಟನ್ನಿನ ಬಹುಪಾಲು ಬ್ರೆಡ್ ಮೆತ್ತಗಾಯಿತು, ಮೊದಲೇ ಹೋಳಾಗಿ ಪೊಟ್ಟಣದಲ್ಲಿ ಬಂತು. ನಮ್ಮ ಅಯ್ಯಂಗಾರ್ ಬೇಕರಿಯ ಬ್ರೆಡ್ಡಿನ ಹಾಗೆ ಅದಕ್ಕೂ ಮನೆಯಲ್ಲಿ ದೊಡ್ಡ ಚಾಕು ಬೇಕಿಲ್ಲ. ಹುಳಿಹಿಟ್ಟಿನ ಗಟ್ಟಿ ಸಿಪ್ಪೆಯ ಬ್ರೆಡ್ ಮತ್ತೆ ಜನರ ಮನಸ್ಸು ಹಿಡಿದ ಮೇಲೆ, ಲಂಡನ್ನಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಈ ಚಾಕುವಿಗೆ ಮತ್ತೆ ಕೆಲಸ ಬಂದಿದೆ.

ಕೊಳ್ಳುವುದಾದರೆ ಮೊದಲು ಹಿಡಿಯನ್ನು ಹಿಡಿದು ಹಲಗೆಯ ಮೇಲೆ ಅಲಗು ಊರಿ ನೋಡಿ. ಬಾಯಿ ಪೂರ್ತಿ ಹಲಗೆಗೆ ತಾಗಿದಾಗ ಬೆರಳಗೆಣ್ಣು ಹಲಗೆಗೆ ಬಡಿಯಬಾರದು. ಬಡಿದರೆ ತಳದ ಸಿಪ್ಪೆ ಎಂದೂ ಸರಿಯಾಗಿ ಕೊಯ್ಯುವುದಿಲ್ಲ. ಹಿಡಿ ಮತ್ತು ಅಲಗು ಕೂಡುವಲ್ಲಿ ಉಗುರು ಆಡಿಸಿ, ಸಂದು ಸಿಗಬಾರದು. ಸಂದಿನಲ್ಲಿ ನೀರು ನಿಂತರೆ ಸ್ಟೇನ್‌ಲೆಸ್ ಕೂಡ ತುಕ್ಕು ಹಿಡಿಯುತ್ತದೆ. ಅಲಗಿನ ಬೆನ್ನಿನ ಮೇಲೆ ಬೆರಳು ಸವರಿ: ಅಂಚು ಚುಚ್ಚಿದರೆ ಕಾರ್ಖಾನೆಯಲ್ಲಿ ಕೊನೆಯ ಕೈ ಯಾರೂ ಆಡಿಸಿಲ್ಲವೆಂದು ಅರ್ಥ. ಕಣ್ಣಿನ ಮಟ್ಟಕ್ಕೆ ಹಿಡಿದು ಹಲ್ಲುಗಳ ಸಾಲು ನೋಡಿ, ಅಲೆಗಳೆಲ್ಲ ಒಂದೇ ಆಳ ಇರಬೇಕು. ಮನೆಗೆ ತಂದ ಮೇಲೆ ಮರದ ಹಲಗೆ ಬಿಟ್ಟು ಗಾಜು, ಸ್ಟೀಲು, ಕಲ್ಲಿನ ಮೇಲೆ ಕೊಯ್ಯಬೇಡಿ, ಬೇರೆ ಚಾಕುಗಳ ಜೊತೆ ಡ್ರಾಯರಿಗೆ ಎಸೆಯಬೇಡಿ; ತುದಿಗಳು ಒಂದಕ್ಕೊಂದು ಬಡಿದೇ ಹೆಚ್ಚು ಹಾಳಾಗುವುದು. ವರ್ಷಗಳ ಮೇಲೆ ಮೊಂಡಾದರೆ ಸೆರಾಮಿಕ್‌ನ ತೆಳುಕೋಲನ್ನು ಇಳಿಜಾರಿನ ಮಗ್ಗುಲಿನಿಂದ ಒಂದೊಂದೇ ಬಳುಕಿನೊಳಗೆ ಎರಡು ಮೂರು ಸಲ ಆಡಿಸಿ, ಚಪ್ಪಟೆ ಮಗ್ಗುಲನ್ನು ಮುಟ್ಟದೆ ಬಿಡಿ.